ಉಳಿದುಹೋದ ಮೂರನೆಯ ವರ್ಷ

ಹುಮನಾಬಾದಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಮಹಾರುದ್ರಪ್ಪನವರ ಒಬ್ಬಳೇ ಮಗಳು ಭುವನೇಶ್ವರಿ ಬಿ.ಎಸ್ಸಿ.ಗೆ ಜೀವರಸಾಯನಶಾಸ್ತ್ರ ಆರಿಸಿಕೊಂಡಾಗ ಮನೆಯಲ್ಲಿ ಯಾರಿಗೂ ಅದೇನೆಂದು ತಿಳಿಯಲಿಲ್ಲ. ಅದು ೧೯೯೫. ಅವಳು ಸೇರಿದ ಗುಲಬರ್ಗಾದ ಕಾಲೇಜಿನಲ್ಲಿ ಆ ವಿಷಯಕ್ಕೆ ಸೇರಿದವರೇ ಹದಿನಾಲ್ಕು ಮಂದಿ.

"ಡಾಕ್ಟರಕೀ ಏನವ್ವ ಅದು?" ಎಂದು ಅಪ್ಪ ಕೇಳಿದರು.

"ಅಲ್ಲಪ್ಪಾ. ಉಂಡ ರೊಟ್ಟಿ ಮೈಯಾಗ ಹ್ಯಾಂಗ ಶಕ್ತಿ ಆಗ್ತದ, ಅದನ್ನ ಓದೋದು."

"ಅದಕ್ಕ ಮೂರು ವರ್ಷ ಬೇಕೇನು?" ಎಂದು ನಕ್ಕು, ತಾವೇ ಟ್ರಂಕು ಎತ್ತಿ ಬಸ್ಸಿಗೆ ಹಾಕಿದರು.

ಮೊದಲ ವರ್ಷವೇ ಅವಳಿಗೆ ಪ್ರಯೋಗಾಲಯದ ಹುಚ್ಚು ಹಿಡಿಯಿತು. ಗಂಜಿನೀರಿಗೆ ತನ್ನದೇ ಎಂಜಲು ಬೆರೆಸಿ, ನಿಮಿಷಕ್ಕೊಮ್ಮೆ ಒಂದು ಹನಿ ತೆಗೆದು ಅಯೋಡಿನ್‌ಗೆ ಬಿಡಬೇಕು. ಮೊದಲು ಕಡುನೀಲಿ, ಆಮೇಲೆ ನೇರಳೆ, ಕಂದು. ಒಂಬತ್ತನೆಯ ನಿಮಿಷಕ್ಕೆ ಬಣ್ಣವೇ ಏಳಲಿಲ್ಲ. ಗಂಜಿ ಸಕ್ಕರೆಯಾಗಿತ್ತು. ಉಳಿದವರು ಊಟಕ್ಕೆ ಹೋದರು, ಅವಳು ಮತ್ತೆರಡು ಸಲ ಮಾಡಿ ನೋಡಿದಳು. ಪಾಠ ಹೇಳುವ ಶಕುಂತಲಾಬಾಯಿ ಮೇಡಂ, "ಮೂರನೇ ವರ್ಷಕ್ಕ ಎಂಜಲಿನಾಗಿನ ಇಂಥಾ ಕಿಣ್ವದ ಮ್ಯಾಲೆ ಒಂದು ಪ್ರಾಜೆಕ್ಟ್ ಅದ. ನಿನಗೇ ಕೊಡ್ತೀನಿ" ಎಂದರು.

ಮೂರನೆಯ ವರ್ಷ ಶುರುವಾದ ಆರು ವಾರಕ್ಕೆ ಅವ್ವ ಸಂಗಮ್ಮನಿಗೆ ಲಕ್ವಾ ಹೊಡೆದು ಬಲಗೈ ಸ್ವಾಧೀನ ತಪ್ಪಿತು. "ಅವ್ವ ಆರಾಮಾಗಲಿ, ಆಮ್ಯಾಲೆ ಹೋಗೀಯಂತ" ಎಂದು ಅಪ್ಪ ಅವಳನ್ನು ಕಾಲೇಜಿನಿಂದ ಮನೆಗೆ ಕರೆತಂದರು. ಸಂಗಮ್ಮ ತುತ್ತು ಎತ್ತುವಂತಾಗಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಬಸವಕಲ್ಯಾಣದ ಸಂಬಂಧ ಕೂಡಿಬಂತು.

ಗಂಡ ಬಸವಕುಮಾರನದು ಬೀಜ-ಗೊಬ್ಬರದ ಅಂಗಡಿ. ಒಳ್ಳೆಯವನು, ಮಾತು ಕಡಿಮೆ. ಸೀರೆಗಳ ಕೆಳಗೆ ಅವಳಿಟ್ಟ ಪ್ರಯೋಗದ ಪುಸ್ತಕ ಕಂಡರೂ ಅವನು ಏನೂ ಕೇಳಲಿಲ್ಲ. ಮಗ ಹುಟ್ಟಿದ ಮೇಲೆ, ಕೂಸು ಮಲಗಿದ ಮಧ್ಯಾಹ್ನಗಳಲ್ಲಿ ಅವಳು ಅದರ ಕೊನೆಯ ಖಾಲಿ ಹಾಳೆಗಳನ್ನು ಸುಮ್ಮನೆ ತಿರುವುತ್ತಿದ್ದಳು.

೨೦೦೪ರ ಬೇಸಿಗೆಯಲ್ಲಿ ಬಸವಕುಮಾರನಿಗೆ ಸುಸ್ತು, ನೀರಡಿಕೆ. ಊರವರೆಲ್ಲ ಆಪಾ ಎಂದು ಕರೆಯುವ ದಿಲ್ಶಾದ್ ಬೇಗಂ ನಡೆಸುತ್ತಿದ್ದ ರಕ್ತಪರೀಕ್ಷೆಯ ಲ್ಯಾಬಿಗೆ ಇಬ್ಬರೂ ಹೋದರು. ಸಕ್ಕರೆ ಮುನ್ನೂರ ಹತ್ತು ಎಂದು ಬಂತು. ಭುವನೇಶ್ವರಿಯ ಕಣ್ಣು ಮೇಜಿನ ಮೇಲಿದ್ದ ದ್ರಾವಣದ ಬಾಟಲಿಯ ಮೇಲೆ ನಿಂತಿತು.

"ಆಪಾ, ಸಕ್ಕರೆ ಸಿಕ್ಕಾಗ ಬರೋ ಗುಲಾಬಿ ಬಣ್ಣ ರಕ್ತ ಹಾಕೋಕ ಮೊದಲೇ ಇದಕ್ಕ ಬಂದದ. ಕೆಟ್ಟದ ಅನಸ್ತದ್ರಿ."

ದಿಲ್ಶಾದ್ ಬೇಗಂ ಬಾಟಲಿಯನ್ನು ಬೆಳಕಿಗೆ ಹಿಡಿದರು. ಎರಡು ದಿನ ಕರೆಂಟಿಲ್ಲದೆ ಫ್ರಿಜ್ ನಿಂತಿತ್ತು. ಆ ಬೆಳಿಗ್ಗೆಯಷ್ಟೇ ಬಂದಿದ್ದ ಹೊಸ ಬಾಟಲಿ ತೆರೆದು ಮತ್ತೆ ನೋಡಿದರೆ ನೂರ ನಾಲ್ಕು.

"ನೀವ್ ಏನ್ ಓದೀರಿ?"

"ಬಯೋಕೆಮಿಸ್ಟ್ರಿರಿ. ಪೂರಾ ಆಗಿಲ್ಲ."

"ನಾಳಿಂದ ಬರ್ತೀರೇನು?"

ಅವಳು ಗಂಡನ ಮುಖ ನೋಡಿದಳು. "ಹೋಗು. ನನ್ನನ್ನ ಯಾಕ ಕೇಳ್ತಿ?" ಎಂದನು ಅವನು.

ಎರಡು ವರ್ಷ ಲ್ಯಾಬಿನಲ್ಲಿ ಕೈ ಪಳಗಿದ ಮೇಲೆ ಬಿಟ್ಟುಹೋದ ಮೂರನೆಯ ವರ್ಷದ ಪರೀಕ್ಷೆ ಬರೆಯುವ ಧೈರ್ಯ ಬಂತು. ಗಂಡನೊಂದಿಗೆ ಗುಲಬರ್ಗಾಕ್ಕೆ ಹೋದಳು. ಕಾಲೇಜಿನ ಆಫೀಸಿನ ಗುಮಾಸ್ತ ಕಡತ ನೋಡಿ, "ಸೇರಿದ ಮ್ಯಾಲೆ ಆರು ವರ್ಷದಾಗ ಮುಗಿಸಬೇಕಿತ್ರಿ. ಈಗ ಆ ಸಿಲೆಬಸ್ಸೂ ಇಲ್ಲ. ಓದೋದಾದ್ರ ಮೊದಲನೇ ವರ್ಷದಿಂದ, ದಿನಾ ಕ್ಲಾಸಿಗೆ ಬರಬೇಕಾಗ್ತದ" ಎಂದನು. ಶಕುಂತಲಾಬಾಯಿ ಮೇಡಂ ನಿವೃತ್ತರಾಗಿ ಊರು ಬಿಟ್ಟಿದ್ದರು.

ಹೊರಡುವ ಮುನ್ನ ಅವಳು ಪ್ರಯೋಗಾಲಯದ ಬಾಗಿಲಿಗೆ ಹೋಗಿ ನಿಂತಳು. ಒಳಗೆ ಮೂರನೆಯ ವರ್ಷದವರ ಪ್ರಾಕ್ಟಿಕಲ್ ನಡೆದಿತ್ತು. ಹುಡುಗಿಯೊಬ್ಬಳು ತಲೆಯೆತ್ತಿ, "ಯಾರು ಬೇಕಿತ್ತು ಮೇಡಂ?" ಎಂದಳು.

"ಯಾರಿಲ್ಲವ್ವ. ನೀ ಮಾಡು, ನಾ ನೋಡ್ತೀನಿ."

ಬಸವಕುಮಾರ ವರಾಂಡದ ಬೆಂಚಿನ ಮೇಲೆ ಕೂತಿದ್ದ. ಬಸವಕಲ್ಯಾಣದ ಬಸ್ಸಿನ ಹೊತ್ತು ಮೀರಿತು. ಅವನು ಅವಳನ್ನು ಕರೆಯಲಿಲ್ಲ.