ಅಕ್ಕ ತರಿಸಿದ ಎರಡು ಟ್ರಾನ್ಸಿಸ್ಟರ್

ನಾನು ಚಿಕ್ಕವನಿದ್ದಾಗ ಮಾಡಿದ ಒಂದು ತಪ್ಪನ್ನು ಹೇಳಬೇಕೆಂದು ಎಷ್ಟೋ ಸಲ ನಿಮ್ಮನ್ನು ಹತ್ತಿರ ಕೂರಿಸಿಕೊಂಡಿದ್ದೇನೆ, ಮಕ್ಕಳೇ. ಪ್ರತಿ ಸಲವೂ ಬೇರೇನೋ ಹೇಳಿ ನಗಿಸಿ ಕಳಿಸಿದ್ದೇನೆ. ಈಗ ಬರೆದೇ ಬಿಡುತ್ತೇನೆ.

ಆಗ ನಾವು ಅಕ್ಕಲಕೋಟದಲ್ಲಿದ್ದೆವು. ಅಪ್ಪ ಕಚೇರಿಯಲ್ಲಿ ಗುಮಾಸ್ತ. ಅಂಚೆಯಲ್ಲಿ ರೇಡಿಯೋ ಪಾಠಗಳನ್ನು ತರಿಸಿ, ಎರಡೇ ತಿಂಗಳಿಗೆ ಬೇಸತ್ತು ಅಟ್ಟಕ್ಕೆ ಹಾಕಿದ್ದ. ಅವನ್ನು ಇಳಿಸಿ ಓದಿದವಳು ಮೆಟ್ರಿಕ್ ಮುಗಿಸಿ ಮನೆಯಲ್ಲಿದ್ದ ಅಕ್ಕ. ರೇಡಿಯೋದ ಸಣ್ಣ ದನಿಯನ್ನು ದೊಡ್ಡದು ಮಾಡುವ ಆಂಪ್ಲಿಫಾಯರನ್ನು ಬಿಸ್ಕತ್ತಿನ ಡಬ್ಬಿಯ ತಗಡಿನ ಮೇಲೆ ಜೋಡಿಸುತ್ತಿದ್ದಳು. ಅವಳು ಬೆಸುಗೆ ಹಾಕಿದಾಗ ಮನೆಯೆಲ್ಲ ರಾಳದ ವಾಸನೆ.

ನಾಗಣಸೂರಿನಿಂದ ಅವಳಿಗೊಂದು ಸಂಬಂಧ ಬಂದಿತ್ತು. ಅಪ್ಪ ಹೇಳಿದ್ದ: "ಇದು ಹಾಡಿತಂದ್ರ ನಿನ್ನ ಸೊಲ್ಲಾಪುರದ ರೇಡಿಯೋ ಕ್ಲಾಸಿಗಿ ಹಾಕ್ತೀನಿ. ಇಲ್ಲಾಂದ್ರ ನಾಗಣಸೂರಿನವರಿಗಿ ಹೂಂ ಅನ್ನೂದ."

ಇನ್ನು ತರಬೇಕಾಗಿ ಉಳಿದದ್ದು ಎರಡು ಪವರ್ ಟ್ರಾನ್ಸಿಸ್ಟರ್. ಬೆಳ್ಳಿ ಬಣ್ಣದ ದಪ್ಪ ಟೋಪಿ, ಕೆಳಗೆ ಎರಡು ಕಾಲು. ಇಡೀ ಭಾರ ಹೊರುವವು ಅವೇ. ಸೊಲ್ಲಾಪುರದ ಅಂಗಡಿಗಳಲ್ಲಿ ಮೇಲಿನ ನಂಬರನ್ನೇ ಹಿಡಿದು 'ತೀಸ್ ಪಂಚಾವನ್', ಮೂವತ್ತು ಐವತ್ತೈದು, ಎಂದು ಕೇಳಿದರೆ ಕೊಡುತ್ತಿದ್ದರು. ಆದರೆ ಕೆಲವರು ದುರ್ಬಲವಾದವುಗಳ ನಂಬರು ಒರೆಸಿ, ಇದರ ನಂಬರು ಹೊಡೆದು ಮಾರುತ್ತಿದ್ದರು. ಹುಡುಗಿಯರು ಆ ಅಂಗಡಿಗಳಿಗೆ ಹೋಗುತ್ತಿರಲಿಲ್ಲ. ಹದಿಮೂರು ವರ್ಷದ ನನ್ನನ್ನು ಕಳಿಸಿದಳು.

"ಹೆಬ್ಬೆರಳಿಗಿ ಉಗುಳ ಹಚ್ಚಿ ನಂಬರಿನ ಮ್ಯಾಲ ತಿಕ್ಕಿ ನೋಡು. ಅಳಸಿತಂದ್ರ ಖೋಟಾ. ಬರಿಗೈಲೆ ಬಂದ್ರೂ ನಡೀತದ, ಖೋಟಾ ತರಬ್ಯಾಡ ತಮ್ಮಾ."

ಅಂಗಡಿಯಲ್ಲಿ ನಾಲ್ಕೈದು ಗಂಡಸರು ಚಹಾ ಕುಡಿಯುತ್ತ ನಿಂತಿದ್ದರು.

"ಯಾರಿಗೋ ಇವು?" ಎಂದ ಅಂಗಡಿಯವ.

"ನಮ್ಮಕ್ಕ ಆಂಪ್ಲಿಫಾಯರ್ ಮಾಡಾಕತ್ತಾಳ್ರಿ."

"ಅರೇ ವಾ! ಅಕ್ಕ ಆಂಪ್ಲಿಫಾಯರ್ ಮಾಡಿದ್ರ ರೊಟ್ಟಿ ನೀ ಬಡೀತಿಯೇನಲೇ?"

ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಅವರ ಎದುರು ಅಕ್ಕ ಹೇಳಿದಂತೆ ತಿಕ್ಕಿ ನೋಡಲು ನಾಚಿಕೆಯಾಯಿತು. "ಚ್ಯಾಷ್ಟಿ ಮಾಡಿದ್ನಿರಿ, ನನಗ ಬೇಕಾಗ್ಯಾವ," ಎಂದು, ಕೊಟ್ಟದ್ದನ್ನು ಕಿಸೆಗೆ ಹಾಕಿಕೊಂಡು ಓಡಿದೆ.

ರೈಲಿನಲ್ಲಿ ಒಂದನ್ನು ತೆಗೆದು ತಿಕ್ಕಿದೆ. ಹೆಬ್ಬೆರಳು ಕಪ್ಪಾಯಿತು. ತಕ್ಷಣ ನಿಲ್ಲಿಸಿದೆ, ನಂಬರು ಇನ್ನೂ ಮಸುಕಾಗಿ ಉಳಿದಿತ್ತು. ಹೋಟಗಿಯಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಇಳಿದು ಸೊಲ್ಲಾಪುರಕ್ಕೆ ಹಿಂದಿರುಗಬಹುದಿತ್ತು. ಆ ನಗು ನೆನಪಾಗಿ ಇಳಿಯಲಿಲ್ಲ.

"ತಿಕ್ಕಿ ನೋಡಿದಿ?" ಅಕ್ಕ ಬಾಗಿಲಲ್ಲೇ ಕೇಳಿದಳು.

"ಹೂಂ. ಎರಡೂ ಖರೇನ ಅವ."

ಅವಳು ಮತ್ತೆ ತಿಕ್ಕಿ ನೋಡಲಿಲ್ಲ. ನನ್ನ ತಲೆ ಸವರಿದಳು.

ರವಿವಾರ ಮಧ್ಯಾಹ್ನ ಅಪ್ಪ ಓಣಿಯವರನ್ನು ಕರೆದು ಕೂರಿಸಿದ. ಆಂಪ್ಲಿಫಾಯರ್ ಹಾಡಿತು, ಗೋಡೆಯ ಕನ್ನಡಿ ಅದುರುವಷ್ಟು ಹಾಡಿತು. ಅಪ್ಪನ ಮುಖ ಅರಳಿತ್ತು. "ಇನ್ನೂ ಏರಸು!" ಎಂದ. ಅಕ್ಕ ಗುಂಡಿ ತಿರುಗಿಸಿದಳು. ಒಂದು ನಿಮಿಷವಾಗಿರಲಿಲ್ಲ, ಕರ್ಕಶವಾದ ಗುಂಯ್ ಸದ್ದು, ಸುಟ್ಟ ವಾಸನೆ, ತಗಡಿನಿಂದ ಹೊಗೆ.

"ನಂದ ತಪ್ಪಾತಪಾ," ಎಂದಳು ಅಕ್ಕ. "ಜೋಡಸೂದ್ರಾಗ ಎಲ್ಲೋ ತಪ್ಪೀನಿ."

"ಆತ ಬಿಡವಾ. ನಾಗಣಸೂರಿಗಿ ಕಾಗದ ಬರೀತೀನಿ," ಎಂದ ಅಪ್ಪ.

ನಾನು ಕಂಬಕ್ಕೆ ಒರಗಿ ನಿಂತಿದ್ದೆ. ನನ್ನದೊಂದು ಮಾತು ಸಾಕಿತ್ತು.

ಮದುವೆಯವರೆಗೂ ಅಕ್ಕ ದಿನಾ ಆಂಪ್ಲಿಫಾಯರಿನ ನಕ್ಷೆ ಹರವಿಕೊಂಡು ತಾನು ಮಾಡದ ತಪ್ಪನ್ನು ಹುಡುಕುತ್ತಿದ್ದಳು. ಒಮ್ಮೆ ನನ್ನನ್ನೇ ಕರೆದು, "ನೀನರ ನೋಡೋ, ನನ್ನ ಕಣ್ಣಿಗಿ ಕಾಣವಲ್ತು," ಎಂದಳು. ನಾನೂ ಬಗ್ಗಿ ಹುಡುಕುವಂತೆ ನಟಿಸಿದೆ. ಮದುವೆಯಾದ ಮೇಲೆ ಅವಳು ಬೆಸುಗೆಯ ಕೆಲಸ ಮುಟ್ಟಲೇ ಇಲ್ಲ. ಎಷ್ಟು ವರ್ಷ ಪಂಚಮಿಗೆ ತವರಿಗೆ ಬಂದಳೋ ಅಷ್ಟು ವರ್ಷವೂ ನಾನು ಹೇಳದೆಯೇ ಕಳಿಸಿದೆ. ಹೋದ ಚಳಿಗಾಲದಲ್ಲಿ ತೀರಿಕೊಂಡಳು.

ನಿಮಗೆ ಬೇಕಾದದ್ದು ಈಗ ಮನೆ ಬಾಗಿಲಿಗೇ ಬರುತ್ತದೆ. ಸರಿಯಿಲ್ಲದಿದ್ದರೆ ಅದೇ ಡಬ್ಬಿಯಲ್ಲಿ ಮರಳಿ ಹೋಗುತ್ತದೆ. ಹುಡುಗಿಯರೂ ನೀವೇ ಅಂಗಡಿಗೆ ಹೋಗಿ, ಹತ್ತು ಸಲ ತಿರುವಿ ನೋಡಿ, ಬೇಡವೆಂದು ಇಟ್ಟು ಬರುತ್ತೀರಿ. ಅವಳಿಗೆ ಇದ್ದದ್ದು ತಮ್ಮನ ಮಾತೊಂದೇ.

ನೀವೆಲ್ಲ ಅವಳನ್ನು ನಾಗಣಸೂರಿನ ಅಜ್ಜಿ ಎಂದಷ್ಟೇ ಬಲ್ಲಿರಿ. ಅವಳ ಹೆಸರು ಇಂದುಮತಿ.