ನಕ್ಷೆಯಲ್ಲಿಲ್ಲದ ಅಕ್ಕನ ಊರು

ಹೋದ ವಾರ ಕೊಲ್ಲಿ ದೇಶದ ನಮ್ಮ ಆಫೀಸನ್ನು ಜುಮೇರಾ ಲೇಕ್ ಟವರ್ಸ್‌ನ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸಾಗಿಸಿದೆವು. ಸ್ಟೋರ್ ರೂಮಿನ ಮೂಲೆಯಲ್ಲಿ, ಕೆಟ್ಟ ಪ್ರಿಂಟರಿನ ಹಿಂದೆ, ಸುರುಳಿ ಸುತ್ತಿದ ಪ್ರಪಂಚದ ನಕ್ಷೆಯೊಂದು ಸಿಕ್ಕಿತು. ಧೂಳು ಕೊಡವಿ ಬಿಡಿಸಿದೆ. ಅದರ ಪ್ಲಾಸ್ಟಿಕ್ ಹೊದಿಕೆಯಿಂದ ಇನ್ನೂ ಸ್ಪಿರಿಟ್ಟಿನ ವಾಸನೆ ಬಂದಂತಾಯಿತು. ಬಂದಿರಲಿಕ್ಕಿಲ್ಲ, ಇಷ್ಟು ವರ್ಷ ಯಾವ ವಾಸನೆ ಉಳಿದೀತು? ಆದರೆ ಬೆರಳು ತಾನಾಗಿ ಫಿಲಿಪ್ಪೀನ್ಸಿನ ಉತ್ತರದ ತುದಿಗೆ ಹೋಯಿತು. ಅಲ್ಲಿಂದ ತೈವಾನಿನವರೆಗಿನ ನೀಲಿ ನೀರಿನಲ್ಲಿ ಮೂರು ತೂತುಗಳು. ಅಕ್ಕ ಮಾಡಿದ ತೂತುಗಳು.

ಅಕ್ಕ ಆಗ ನನ್ನ ಪಕ್ಕದ ಟೇಬಲಿನವರು. ನಮ್ಮದು ಹಡಗಿನಲ್ಲಿ ಸರಕು ಕಳಿಸುವ ಕಂಪನಿ. ಯಾವ ಪೆಟ್ಟಿಗೆ ಯಾವ ಬಂದರಿಗೆ ಎಂಬ ಕಾಗದಗಳನ್ನು ಟೈಪ್ ಮಾಡುವುದು ಅವರ ಕೆಲಸ. ನನಗಿಂತ ಹನ್ನೆರಡು ವರ್ಷ ದೊಡ್ಡವರು. ನಾನು ಸೇರಿದ ಮೊದಲ ವಾರವೇ, ನಿಮ್ಮ ಭಾಷೆಯಲ್ಲಿ ಹಿರಿಯ ಸೋದರಿಗೆ ಏನೆನ್ನುತ್ತಾರೆ ಎಂದು ಕೇಳಿಕೊಂಡು, ಇನ್ನು ನನ್ನನ್ನು ಹಾಗೆಯೇ ಕರೆಯಬೇಕು ಎಂದು ಹುಕುಂ ಮಾಡಿದ್ದರು. ನಾನು ಮಲ್ಪೆ ಕಡೆಯವಳು. ನನ್ನ ಡಬ್ಬಿಯ ಒಣ ಸಿಗಡಿ ಚಟ್ನಿಗೆ ಉಳಿದವರೆಲ್ಲ ಮೂಗು ಮುಚ್ಚಿಕೊಂಡು ಎದ್ದು ಹೋದರೆ ಅಕ್ಕ ಕುರ್ಚಿ ಎಳೆದುಕೊಂಡು ಹತ್ತಿರ ಬರುತ್ತಿದ್ದರು. ಅವರ ಡಬ್ಬಿಯಲ್ಲಿ ಒಣಗಿಸಿಟ್ಟ ಕೆಸುವಿನ ದಂಟಿನ ಪಲ್ಯ. ಕೆಸುವನ್ನು ನಾವೂ ತಿನ್ನುತ್ತೇವೆ ಎಂದಾಗ ಅವರು ನಂಬಲೇ ಇಲ್ಲ. ಪತ್ರೊಡೆ ಮಾಡಿ ತಂದು ತಿನ್ನಿಸಿದ ಮೇಲೆ ನಂಬಿದರು.

"ಫಿಲಿಪಿನಿಯಾ? ಮನಿಲಾದವಳಾ?" ಎಂದು ಯಾರಾದರೂ ಕೇಳಿದರೆ ಮುಗಿಯಿತು. ಡ್ರೈವರೇ ಇರಲಿ, ದೊಡ್ಡ ಗಿರಾಕಿಯೇ ಇರಲಿ, ಅಕ್ಕ ಕೆಲಸ ನಿಲ್ಲಿಸಿ ಪಾಠಕ್ಕೆ ಇಳಿಯುತ್ತಿದ್ದರು. ಮನಿಲಾ ಅಲ್ಲ, ಬಟಾನೆಸ್. ದೇಶದಲ್ಲೇ ಎಲ್ಲಕ್ಕಿಂತ ಚಿಕ್ಕ ಪ್ರಾಂತ್ಯ. ಪುಟ್ಟ ಪುಟ್ಟ ದ್ವೀಪಗಳು, ಅವುಗಳಲ್ಲಿ ಜನ ಇರುವುದು ಬರೇ ಮೂರರಲ್ಲಿ. ಅಲ್ಲಿಂದ ಮನಿಲಾಕ್ಕಿಂತ ತೈವಾನೇ ಹತ್ತಿರ. ಮನೆಗಳಿಗೆ ಕಲ್ಲು ಸುಣ್ಣದ ಗೋಡೆ, ಒಂದೊಂದೂ ಮೊಳ ಎರಡು ಮೊಳ ದಪ್ಪ. ಮೇಲೆ ಹುಲ್ಲಿನ ಮಾಡು, ಅದನ್ನು ಹಗ್ಗದಿಂದ ಬಿಗಿದು ಕಟ್ಟುವುದು. ಜೋರುಗಾಳಿ ಬರುವ ದಿಕ್ಕಿನ ಗೋಡೆಗೆ ಕಿಟಕಿಯೇ ಇಡುವುದಿಲ್ಲ. ಹೆಂಗಸರು ತಾಳೆಯ ಜಾತಿಯ ಒಂದು ಗರಿಯ ನಾರಿನಿಂದ ಹೆಣೆದ ಉದ್ದನೆಯ ಮುಸುಕು ಹೊದ್ದು ಗದ್ದೆ ಕೆಲಸಕ್ಕೆ ಹೋಗುತ್ತಾರೆ. ಸ್ಪೇನಿನವರು ಉಳಿದ ಫಿಲಿಪ್ಪೀನ್ಸನ್ನೆಲ್ಲ ನುಂಗಿ ಎಷ್ಟೋ ಕಾಲವಾದ ಮೇಲೆ ಅಲ್ಲಿಗೆ ಕಾಲಿಟ್ಟದ್ದು. ಹೇಳದೆ ಕೇಳದೆ ಮರ, ದವಸ ಎತ್ತಿಕೊಂಡು ಹೋಗುತ್ತಿದ್ದರಂತೆ. ಸಬ್ತಾಂಗ್ ದ್ವೀಪದ ಮುಖ್ಯಸ್ಥನೊಬ್ಬ ಎದುರು ನಿಂತ. ಅವನನ್ನು ಗಲ್ಲಿಗೇರಿಸಿದರು, ಅವನ ಜನರನ್ನು ದ್ವೀಪದಿಂದಲೇ ಎಬ್ಬಿಸಿ ಬೇರೆ ಕಡೆ ಇಟ್ಟರು. ಬಹಳ ಕಾಲದ ಮೇಲೆ ಅವರು ಮರಳಿ ಹೋಗಿ ಅದೇ ಕಲ್ಲುಗಳ ಮೇಲೆ ಮನೆ ಕಟ್ಟಿಕೊಂಡರು. ಅಕ್ಕ ಆ ಜನರ ಪೈಕಿ. ಇದನ್ನು ಹೇಳುವಾಗ ಅವರ ಗದ್ದ ಸ್ವಲ್ಪ ಮೇಲೇರುತ್ತಿತ್ತು...

ಹೀಗಿರುವಾಗ ನಮ್ಮ ರಿಸೆಪ್ಷನ್ನಿನ ಗೋಡೆಗೆ ಆ ನಕ್ಷೆ ಬಂತು. ಅಕ್ಕ ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿದರು. ಬಟಾನೆಸ್ ಇರಲೇ ಇಲ್ಲ. ಮರುದಿನ ಬೆಳಿಗ್ಗೆ ಆ ಜಾಗದಲ್ಲಿ ಕಪ್ಪು ಮಾರ್ಕರಿನ ಮೂರು ಚುಕ್ಕೆ ಕಾಣಿಸಿತು.

ಮ್ಯಾನೇಜರ್ ಮೈಸೂರಿನವರು. ಕೆಟ್ಟವರಲ್ಲ, ಶಿಸ್ತಿನ ಮನುಷ್ಯ. "ಏನಮ್ಮಾ ಇದು? ಕ್ಲೈಂಟ್ಸ್ ಬಂದು ಕೂರೋ ಜಾಗ, ಯಾರೋ ಗೀಚಿದಾರೆ ನೋಡಿ. ಒರೆಸಿಬಿಡಿ" ಎಂದರು. ಅಡ್ಮಿನ್ ಕೆಲಸ ನನ್ನದಲ್ಲವೇ, ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದೆ. ಮರುದಿನ ಮತ್ತೆ ಮೂರು ಚುಕ್ಕೆ. ಮತ್ತೆ ಒರೆಸಿದೆ. ವಾರಗಟ್ಟಲೆ ಇದೇ ನಡೆಯಿತು. ಬರೆಯುವುದು ಯಾರೆಂದು ನನಗೆ ಗೊತ್ತು, ಒರೆಸುವುದು ಯಾರೆಂದು ಅವರಿಗೆ ಗೊತ್ತು, ಮಧ್ಯಾಹ್ನ ಊಟಕ್ಕೆ ಕೂರುವುದು ಮಾತ್ರ ಒಟ್ಟಿಗೆ.

ಒಂದು ದಿನ ನನಗೆ ತಡೆಯಲಿಲ್ಲ. "ಎಂತ ಅಕ್ಕ, ನನಗೆ ದಿನಾ ಇದೊಂದು ಕೆಲಸ ಮಾಡಿಟ್ಟಿದ್ದೀರಲ್ಲ ಮಾರಾಯ್ರೆ!"

ಅಕ್ಕ ನಕ್ಕರು. ಅವರು ಹೇಳಿದ್ದು ಇಂಗ್ಲಿಷಿನಲ್ಲಿ, ನನ್ನ ಕಿವಿಯಲ್ಲಿ ಉಳಿದದ್ದು ಕನ್ನಡದಲ್ಲಿ. "ನೀನು ಒರೆಸು, ಅದು ನಿನ್ನ ಕೆಲಸ. ನಾನು ಬರೀತೇನೆ, ಅದು ನನ್ನ ಊರು."

ಆ ಸೆಪ್ಟೆಂಬರಿನಲ್ಲಿ ದೊಡ್ಡ ಚಂಡಮಾರುತ ಎದ್ದಿತು. ಟೀವಿಯವರು ಫಿಲಿಪ್ಪೀನ್ಸ್ ಪಾರಾಯಿತು, ಗಾಳಿ ಉತ್ತರದ ಸಮುದ್ರದ ಮೇಲೆ ಹಾದುಹೋಯಿತು ಎಂದರು. ಆಫೀಸಿನವರೆಲ್ಲ ಒಬ್ಬೊಬ್ಬರಾಗಿ ಬಂದು ಅಕ್ಕನ ಕೈ ಕುಲುಕಿ, ಸದ್ಯ ನಿಮ್ಮವರು ಬಚಾವಾದರು ಎಂದು ಹೇಳಿ ಹೋದರು. ಅಕ್ಕ ಫೋನನ್ನು ಕಿವಿಗೆ ಒತ್ತಿಕೊಂಡೇ ಇದ್ದರು. ಎರಡು ದಿನ ಲೈನ್ ಸಿಗಲಿಲ್ಲ. ಮೂರನೆಯ ದಿನ ತಂಗಿಯಿಂದ ಸುದ್ದಿ ಬಂತು. ಜನಕ್ಕೆ ಏನೂ ಆಗಿಲ್ಲ, ಗೋಡೆ ನಿಂತಿದೆ, ಮಾಡು ಪೂರ್ತಿ ಹಾರಿಹೋಗಿದೆ.

ಅಕ್ಕ ಹದಿನೈದು ದಿನದ ರಜೆ ಕೇಳಿದರು. ಮ್ಯಾನೇಜರ್ ರಿಸೆಪ್ಷನ್ನಿಗೇ ಬಂದು ನಕ್ಷೆಯ ಮುಂದೆ ನಿಂತರು. ಗಾಳಿ ಹೋದದ್ದು ಇಲ್ಲಿ, ಇಲ್ಲಿ ಬರೇ ನೀರು ಎಂದು ಬೆರಳಿಟ್ಟು ತೋರಿಸಿದರು. ನಿಜ, ಅಲ್ಲಿ ಬರೇ ನೀರಿತ್ತು. ಆ ಬೆಳಿಗ್ಗೆಯೂ ನಾನು ಒರೆಸಿದ್ದೆ. ಅಲ್ಲಿ ಊರಿದೆ ಸರ್, ಒರೆಸಿದ್ದು ನಾನೇ ಎಂದು ಹೇಳಬೇಕಿತ್ತು. ಆರು ತಿಂಗಳ ಹಿಂದಷ್ಟೇ ವೀಸಾ ರಿನ್ಯೂ ಆಗಿತ್ತು, ಮಗಳ ಸ್ಕೂಲು, ಕರಾಮದ ಮನೆ ಬಾಡಿಗೆ... ಎಲ್ಲ ನೆಪಗಳೂ ನನ್ನ ಹತ್ತಿರ ಇದ್ದವು. ವರ್ಷದ ಕೊನೆಗೆ ನೋಡೋಣ, ಈಗ ದುಡ್ಡು ಕಳಿಸಿ, ಅವರೇ ಮಾಡು ಹಾಕಿಸಿಕೊಳ್ಳುತ್ತಾರೆ ಎಂದು ಹೇಳಿ ಮ್ಯಾನೇಜರ್ ಒಳಗೆ ಹೋದರು.

ನಾನೂ ಅದನ್ನೇ ಹೇಳಿದೆ, ಥೂ ನನ್ನ ಬಾಯಿಗೆ! "ದುಡ್ಡು ಕಳಿಸಿಬಿಡಿ ಅಕ್ಕ, ನಾವೆಲ್ಲ ಹಾಗೇ ಅಲ್ವಾ ಮಾಡುವುದು?"

ಅಕ್ಕ ಮೊದಲ ಸಲ ನನ್ನ ಮೇಲೆ ರೇಗಿದರು. ಅವರ ಊರಿನಲ್ಲಿ ಮಾಡಿಗೆ ಹುಲ್ಲು ಹೊದಿಸುವುದು ಕೂಲಿಯ ಕೆಲಸ ಅಲ್ಲವಂತೆ. ಅದಕ್ಕೆ ಅವರ ಭಾಷೆಯಲ್ಲಿ 'ಯಾರು' ಎಂದೇ ಹೆಸರು, ನಮ್ಮ ಕನ್ನಡದ 'ಯಾರು' ಅಲ್ಲ. ಊರಿಗೆ ಊರೇ ಬರುತ್ತದೆ, ಒಂದೇ ದಿನದಲ್ಲಿ ಮಾಡು ಏರಿಸುತ್ತದೆ, ಒಂದು ಕಾಸು ಮುಟ್ಟುವುದಿಲ್ಲ. ಮನೆಯವರು ಅಡುಗೆ ಮಾಡಿ ಎಲೆಯಲ್ಲಿ ಬಡಿಸಬೇಕು, ಅಷ್ಟೇ. ತಂಗಿಗೆ ಕೈಗೂಸು, ಬಡಿಸಲಿಕ್ಕೆ ಮನೆಯಲ್ಲಿ ಬೇರೆ ಕೈಯಿಲ್ಲ.

"ಆರು ವರ್ಷ ನಾನು ಯಾರ ಮಾಡಿಗೂ ಹೋಗಲಿಲ್ಲ. ಆದರೂ ಅವರು ಬರ್ತಾರೆ. ಬಂದವರ ಮುಂದೆ ದುಡ್ಡು ಇಡಲಾ? ಅದಕ್ಕಿಂತ ಮಾಡಿಲ್ಲದೆ ಇರುವುದು ಮೇಲು" ಎಂದರು.

ಮರುದಿನ ರಾಜೀನಾಮೆ ಕೊಟ್ಟರು. ಕೈಯಲ್ಲಿ ಬೇರೆ ಕೆಲಸ ಇರಲಿಲ್ಲ. ಅವರ ವೀಸಾ ಕ್ಯಾನ್ಸಲ್ ಮಾಡುವ ಕಾಗದ ತಯಾರಿಸಿದ್ದೂ ನಾನೇ. ಸಹಿ ಹಾಕಿ, "ಖಲಾಸ್" ಎಂದು ಪೆನ್ನು ಕೆಳಗಿಟ್ಟರು. ಆಮೇಲೆ ನನ್ನ ಟೇಬಲಿನಿಂದ ಕತ್ತರಿ ಎತ್ತಿಕೊಂಡು ನೇರ ರಿಸೆಪ್ಷನ್ನಿಗೆ ನಡೆದರು. ಗಿರಾಕಿಗಳು ಕೂತಿದ್ದರು, ಮ್ಯಾನೇಜರ್ ಬಾಗಿಲಲ್ಲಿ ನಿಂತಿದ್ದರು. ಎಲ್ಲರ ಕಣ್ಣೆದುರು ಕತ್ತರಿಯ ಮೊನೆಯಿಂದ ನಕ್ಷೆಗೆ ಒಂದು, ಎರಡು, ಮೂರು ಚುಚ್ಚಿದರು. ಇತ್ಬಾಯತ್, ಬಟಾನ್, ಸಬ್ತಾಂಗ್ ಎಂದು ಒಂದೊಂದಕ್ಕೂ ಗಟ್ಟಿಯಾಗಿ ಹೆಸರು ಹೇಳಿದರು. ತಿರುಗಿ ನನ್ನನ್ನು ನೋಡಿ, "ಈಗ ಒರೆಸು" ಎಂದರು. ಸಿಟ್ಟಿನಿಂದಲ್ಲ, ನಗುತ್ತಲೇ ಹೇಳಿದರು. ಆ ನಗು ನನಗೆ ಬೈಗುಳಕ್ಕಿಂತ ಜೋರಾಗಿ ತಾಗಿತು.

ತಿಂಗಳ ಮೇಲೆ ಒಂದು ಫೋಟೋ ಕಳಿಸಿದ್ದರು. ಹೊಸ ಹುಲ್ಲಿನ ಮಾಡು, ಅದರ ಮೇಲೆ ಸಾಲಾಗಿ ಕೂತ ಊರಿನವರು, ಕೆಳಗೆ ಸೌಟು ಎತ್ತಿ ಹಿಡಿದ ಅಕ್ಕ. ತಪ್ಪಾಯಿತು ಎಂದು ಬರೆಯಲು ಹೋಗಿ, ಚೆನ್ನಾಗಿದೆ ಎಂದಷ್ಟೇ ಬರೆದೆ. ತಪ್ಪಾಯಿತು ಎನ್ನುವುದನ್ನು ನಾಳೆ ನಾಳೆ ಎಂದು ಮುಂದೂಡಿದೆ. ಆಮೇಲೆ ಆ ನಂಬರೇ ಸತ್ತುಹೋಯಿತು. ಅಕ್ಕ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ... ಗೊತ್ತಿಲ್ಲ.

ಹೊಸ ಆಫೀಸಿನ ರಿಸೆಪ್ಷನ್ನಿನಲ್ಲಿ ಮೊನ್ನೆ ನಾನೇ ಕುರ್ಚಿ ಹತ್ತಿ ಆ ನಕ್ಷೆಯನ್ನು ತೂಗುಹಾಕಿದೆ. ಈಗಿನ ಮ್ಯಾನೇಜರ್ ಬೆಂಗಳೂರಿನ ಹುಡುಗ. "ಮೇಡಂ, ತೂತು ಬಿದ್ದಿದೆಯಲ್ಲ, ಬಿಸಾಕಿ. ಹೊಸದು ಆರ್ಡರ್ ಮಾಡೋಣ" ಎಂದ.

"ಆಗುವುದಿಲ್ಲ" ಎಂದೆ. ನನ್ನ ಸ್ವರ ನನಗೇ ಹೊಸದಾಗಿ ಕೇಳಿತು. "ಅಲ್ಲಿ ಜನ ಇದ್ದಾರೆ."

ಅವನು ನನ್ನ ಮುಖ ನೋಡಿದ. ನಾನು ಕುರ್ಚಿಯಿಂದ ಇಳಿಯಲಿಲ್ಲ. ಒಂದೊಂದು ತೂತಿನ ಮೇಲೂ ಬೆರಳಿಟ್ಟು, ಗಿರಾಕಿಗಳಿಗೂ ಕೇಳುವ ಹಾಗೆ, ಅಕ್ಕ ಹೇಳಿದ ಅದೇ ಸಾಲಿನಲ್ಲಿ ಮೂರೂ ಹೆಸರು ಹೇಳಿದೆ.