ಆರಂಕಿ ಕೊಟ್ಟ ಮೇಲೆ

ನಮ್ಮ ಯಜಮಾನರು ಬೀಗದ ಮನುಷ್ಯ. ಶಿಕಾರಿಪುರದ ಪೇಟೆಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ ಇದೆ. ಸಂಜೆ ಷಟರ್ ಎಳೆದು ಬೀಗ ಹಾಕಿದ ಮೇಲೆ ಇವರು ಅದನ್ನು ಹಿಡಿದು ಜಗ್ಗಿ ನೋಡುತ್ತಾರೆ. ಸ್ವಲ್ಪ ದೂರ ಬಂದವರು ಮನಸ್ಸು ತಡೆಯದೆ ವಾಪಸು ಹೋಗಿ ಮತ್ತೆ ಜಗ್ಗುತ್ತಾರೆ. ಬೀಗಕ್ಕೇ ಬೇಸರ ಬಂದು ಒಂದು ದಿನ ತಾನಾಗಿಯೇ ಬಿಚ್ಚಿಕೊಂಡೀತು ಎಂದು ನಾನು ರೇಗಿಸುವುದುಂಟು.

ನನ್ನದು ಇದಕ್ಕೆ ತದ್ವಿರುದ್ಧ. ಮರೆವಿನವಳಾದ್ದರಿಂದ ಮೊಬೈಲು, ಬ್ಯಾಂಕು, ಕರೆಂಟು ಬಿಲ್ಲು, ಎಲ್ಲಕ್ಕೂ ಒಂದೇ ಪಾಸ್‌ವರ್ಡ್ ಇಟ್ಟುಕೊಂಡಿದ್ದೆ. ಮಗಳ ಹೆಸರು, ಅದರ ಮುಂದೆ ಒಂದು ಎರಡು ಮೂರು. ಆ ಹೆಸರನ್ನೋ, ಅವಳು ಚಿಕ್ಕವಳಿದ್ದಾಗ ದಿನಾ ಸಂಜೆ ಓಣಿಯ ತುದಿಯವರೆಗೂ ಕೇಳುವ ಹಾಗೆ ಕೂಗಿ ಕರೆದಿದ್ದೇನೆ. ಹೀಗಾಗಿ ನಮ್ಮ ಮನೆಗೆ ಕಳ್ಳ ಬರುವುದಿದ್ದರೆ ನನ್ನ ಬಾಗಿಲಿನಿಂದಲೇ ಎಂದು ಇಬ್ಬರೂ ನಂಬಿಕೊಂಡಿದ್ದೆವು. ಅವನು ಬಂದದ್ದು ಬೀಗದ ಮನುಷ್ಯನ ಬಾಗಿಲಿಗೆ.

ಹೋದ ವರ್ಷದ ಮಾತು. ಬೆಳಿಗ್ಗೆ ಇವರು ಅಂಗಡಿಯ ಗಾದಿಯ ಮೇಲೆ ಕೂತಿದ್ದಾಗ ಮಾರ್ಕೆಟ್ ಯಾರ್ಡಿನ ಸ್ನೇಹಿತರೊಬ್ಬರ ಹೆಸರಿನಲ್ಲಿ ವಾಟ್ಸಾಪ್ ಸಂದೇಶ ಬಂತು. "ಸಾಹುಕಾರ್ರೇ, ನನ್ನದೊಂದು ಆರಂಕಿ ಕೋಡು ತಪ್ಪಿ ನಿಮ್ಮ ನಂಬರಿಗೆ ಬಂದಿದೆ. ಸ್ವಲ್ಪ ಕಳಿಸ್ರಿ." ನೋಡಿದರೆ ಕೋಡು ಬಂದೇ ಇತ್ತು. ಪಾಪ, ಅವರಿಗೇನೋ ಅವಸರವಿರಬೇಕು ಎಂದುಕೊಂಡು ಇವರು ಕೂಡಲೇ ಕಳಿಸಿಬಿಟ್ಟರು. ಆ ಸ್ನೇಹಿತರ ಖಾತೆ ಅದಾಗಲೇ ಕಳ್ಳನ ಕೈಗೆ ಹೋಗಿತ್ತೆಂದು, ಆ ಕೋಡು ಇವರದೇ ವಾಟ್ಸಾಪಿನ ಬೀಗದ ಕೈಯೆಂದು ಇವರಿಗೆ ಹೇಗೆ ಗೊತ್ತಾಗಬೇಕು?

"ಕೋಡಿನ ಕೆಳಗೆ ಯಾರಿಗೂ ಹೇಳಬೇಡಿ ಅಂತ ಬರೆದಿತ್ತಲ್ರೀ?" ಎಂದು ಆಮೇಲೆ ಕೇಳಿದೆ.

"ಯಾರಿಗೂ ಅಂದ್ರೆ ಹೊರಗಿನೋರಿಗೆ ಅಂದ್ಕೊಂಡೆ ಕಣೇ. ಅವ್ರು ನಮ್ಮೋರಲ್ವಾ?"

ಇದಕ್ಕೆ ನಗಬೇಕೋ ಅಳಬೇಕೋ ನನಗಿನ್ನೂ ತೀರ್ಮಾನವಾಗಿಲ್ಲ. ಮೋಸವೆಂಬುದು ಅಪರಿಚಿತನ ವೇಷದಲ್ಲಿ ಬಂದರೆ ಬಾಗಿಲು ಹಾಕಿಕೊಳ್ಳುವುದು ಸುಲಭ. ತಾಳಗುಂದದಲ್ಲಿದ್ದ ನಮ್ಮಜ್ಜಿಗೆ ಇದು ಗೊತ್ತಿತ್ತು. ಅವಳ ಮನೆಯ ಕದದ ಮೇಲೆ ಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದಿತ್ತು. ಊರಿನಲ್ಲಿ ಒಂದು ದೆವ್ವ ಓಡಾಡುತ್ತದೆ, ಅದು ನಮ್ಮವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದೆ, ಒಂದೇ ಕೂಗಿಗೆ ಓಗೊಡಬಾರದು ಎನ್ನುತ್ತಿದ್ದಳು. ಓದು ಕಲಿತ ನಾವು ಆ ಬರಹವನ್ನು ಒರೆಸಿ ಬಣ್ಣ ಹೊಡೆಸಿದೆವು. ದೆವ್ವ ಅಷ್ಟರಲ್ಲಿ ಟೈಪು ಮಾಡುವುದನ್ನು ಕಲಿತುಕೊಂಡಿತು. ಅಜ್ಜಿಯ ಊರಿನ ಶಾಸನದ ಕಲ್ಲನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ. ಹೇಳಬೇಕಾದ್ದನ್ನೆಲ್ಲ ಬಯಲಿನಲ್ಲಿ ಕೆತ್ತಿಟ್ಟು ನಿಶ್ಚಿಂತೆಯಿಂದ ನಿಂತಿದೆ, ಅದಕ್ಕೆ ಯಾವ ಪಾಸ್‌ವರ್ಡಿನ ಗೊಡವೆಯೂ ಇಲ್ಲ.

ಇರಲಿ, ಎಲ್ಲಿದ್ದೆ? ಕೋಡು ಕೊಟ್ಟ ಸ್ವಲ್ಪ ಹೊತ್ತಿಗೆ ಇವರ ವಾಟ್ಸಾಪು ಬಂದ್ ಆಯಿತು. ನೆಟ್‌ವರ್ಕ್ ಇಲ್ಲವೇನೋ ಎಂದುಕೊಂಡು ಇವರು ಮೊಬೈಲನ್ನು ಪಕ್ಕಕ್ಕಿಟ್ಟು ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುತ್ತ ಕೂತರು. ಅತ್ತ ಕಳ್ಳ ಇವರ ಹೆಸರು, ಇವರ ಫೋಟೋ ಇಟ್ಟುಕೊಂಡು ನೆಂಟರಿಗೆಲ್ಲ ಬರೆಯತೊಡಗಿದ್ದ. 'ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದೇನೆ. ಮಾತಾಡಲು ಆಗುತ್ತಿಲ್ಲ. ಅರ್ಜೆಂಟಾಗಿ ದುಡ್ಡು ಕಳಿಸಿ.'

ಕೆಲವರು ಅನುಮಾನಪಟ್ಟು ಸುಮ್ಮನಾದರು. ಮಧ್ಯಾಹ್ನ ಒಬ್ಬರು ನೇರವಾಗಿ ನನಗೆ ಫೋನು ಮಾಡಿದ ಮೇಲೆ ನಮಗೆ ವಿಷಯ ತಿಳಿಯಿತು. ಗಂಡ ಹೆಂಡತಿ ಕೂತು ಎಲ್ಲರಿಗೂ ಫೋನು ಹಚ್ಚಿದೆವು. ಸಿಗದೇ ಹೋದದ್ದು ಗಿರಿಜಕ್ಕ ಒಬ್ಬಳೇ.

ಗಿರಿಜಕ್ಕ ಇವರ ಸ್ವಂತ ಅಕ್ಕ. ಸೊರಬ ತಾಲೂಕಿಗೆ, ಕ್ಯಾಸನೂರಿನ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದಾರೆ. ತಾಯಿ ಬೇಗ ತೀರಿಕೊಂಡಿದ್ದರಿಂದ ಇವರನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಅವಳಿಗೂ ಸಂದೇಶ ಹೋಗಿತ್ತು. ಅದರಲ್ಲೇ ಇದ್ದ ಫೋನಿನ ಗುರುತು ಒತ್ತಿದರೆ ಕಳ್ಳ ಕಟ್ ಮಾಡಿದ. ಮಾಮೂಲಿ ಫೋನು ಮಾಡೋಣವೆಂದರೆ ಆ ಕಾಡಂಚಿನಲ್ಲಿ ಬಂದು ಹೋಗುವ ಸಿಗ್ನಲ್ ಅಷ್ಟರಲ್ಲಿ ಹೋಗಿತ್ತು. ಮೊಬೈಲಿನಲ್ಲಿ ದುಡ್ಡು ಕಳಿಸುವುದು ಅವಳಿಗೆ ಬರುವುದಿಲ್ಲ. ಹೊರಟು ಬರುವುದು ಬರುತ್ತದೆ. ಅಂದು ಭಾವ ಹಾನಗಲ್ಲಿಗೆ ಮದುವೆಗೆ ಹೋಗಿದ್ದರು. ಕೊಟ್ಟಿಗೆಯಲ್ಲಿ ದಿನ ತುಂಬಿದ ಹಸು ಇತ್ತು. ಪಕ್ಕದ ಮನೆಯವಳಿಗೆ ಹಸುವನ್ನು ಒಪ್ಪಿಸಿ, ತಮ್ಮನಿಗೆಂದು ಗಂಜಿ ಕಾಯಿಸಿ ಫ್ಲಾಸ್ಕಿಗೆ ತುಂಬಿಕೊಂಡು ಗಿರಿಜಕ್ಕ ಶಿವಮೊಗ್ಗದ ಬಸ್ಸು ಹತ್ತಿದಳು.

ಆ ಬಸ್ಸು ಶಿಕಾರಿಪುರದ ಮೇಲೇ ಹೋಗುವುದು. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ನಿಂತು, ಜನ ಹತ್ತಿಸಿಕೊಂಡು ಹೊರಟಿತು. ನಮ್ಮ ಅಂಗಡಿ ಅಲ್ಲಿಂದ ಕೂಗಳತೆಯ ದೂರ. ಗಿರಿಜಕ್ಕ ಕಿಟಕಿಯಲ್ಲೇ ಕೂತಿದ್ದಳು. ಎಲ್ಲರೂ ಆಸ್ಪತ್ರೆಯಲ್ಲಿರುತ್ತಾರೆ, ಇಲ್ಲಿ ಇಳಿದು ಏನು ಮಾಡಲಿ ಎಂದು ಇಳಿಯಲಿಲ್ಲ. ಆ ಹೊತ್ತಿನಲ್ಲಿ ಇವರು ಅಂಗಡಿಯ ಬಾಗಿಲಿಗೆ ಬಂದು ಒಂದು ಸಲ ಆಕಳಿಸಿದ್ದರೂ ಸಾಕಿತ್ತು, ಅವಳ ಕಣ್ಣಿಗೆ ಬೀಳುತ್ತಿದ್ದರು.

ಶಿವಮೊಗ್ಗದಲ್ಲಿ ದೊಡ್ಡಾಸ್ಪತ್ರೆಯ ವಾರ್ಡು ವಾರ್ಡು ಸುತ್ತಿದಳು. ಆಮೇಲೆ ಕಂಡ ಕಂಡ ನರ್ಸಿಂಗ್ ಹೋಮು ಹತ್ತಿ ಇಳಿದಳು. 'ಬಟ್ಟೆ ಅಂಗಡಿ ಮಲ್ಲೇಶಪ್ಪ' ಎಂದು ಹೇಳಿದರೆ ಯಾರಿಗೆ ಗೊತ್ತು? ಫೋನು ಮಾಡೋಣವೆಂದರೆ ಮೊಬೈಲಿನ ಚಾರ್ಜು ಬಸ್ಸು ಹತ್ತುವಾಗಲೇ ಮುಗಿದಿತ್ತು. ಬೇರೆ ದಾರಿ ಕಾಣದೆ, ಯಾವ ಆಸ್ಪತ್ರೆಯೆಂದು ಅಕ್ಕಪಕ್ಕದವರನ್ನಾದರೂ ಕೇಳೋಣವೆಂದು ಇಳಿಹೊತ್ತಿಗೆ ವಾಪಸು ಬಸ್ಸು ಹಿಡಿದು ನಮ್ಮ ಮನೆಗೆ ಬಂದಳು.

ಇವರು ಪೊಲೀಸ್ ಠಾಣೆಗೆ ದೂರು ಕೊಟ್ಟು ಬಂದು ಜಗುಲಿಯ ಮೇಲೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಕೂತಿದ್ದರು. ಗಿರಿಜಕ್ಕ ಗೇಟಿನಲ್ಲೇ ನಿಂತುಬಿಟ್ಟಳು.

"ಮಲ್ಲೇಶಿ… ಇದೀಯೇನೋ?"

"ಅಕ್ಕಾ! ಯಾಕೆ, ಏನಾತು?"

ಅವಳು ಹತ್ತಿರ ಬಂದು ಇವರ ಮುಖ, ತೋಳು, ಎದೆಯನ್ನೆಲ್ಲ ಮುಟ್ಟಿ ನೋಡಿದಳು. ಆಮೇಲೆ ಬೆನ್ನಿಗೆ ರಪ್ಪನೆ ಒಂದು ಏಟು ಕೊಟ್ಟು, ಅಲ್ಲೇ ಕುಸಿದು ಕೂತು ಅತ್ತಳು. ನಡೆದದ್ದನ್ನು ನಾವು ಹೇಳಿದೆವು, ಅವಳದನ್ನು ಅವಳು ಹೇಳಿದಳು. ನಾನು ಅವಳ ಮೊಬೈಲನ್ನು ಚಾರ್ಜಿಗೆ ಹಾಕಿದೆ. ಜೀವ ಬರುತ್ತಿದ್ದಂತೆ ಅದು ಹೊಡೆದುಕೊಂಡಿತು.

ಪಕ್ಕದ ಮನೆಯವಳ ಫೋನು. ಹಸು ಮಧ್ಯಾಹ್ನವೇ ನೋವು ತಿನ್ನತೊಡಗಿತ್ತು. ಕರುವಿನ ಒಂದು ಕಾಲು ಹಿಂದಕ್ಕೆ ಸಿಕ್ಕಿಕೊಂಡಿತ್ತು. ದನದ ಡಾಕ್ಟರು ಬರುವ ಹೊತ್ತಿಗೆ ತಡವಾಗಿತ್ತು. ಹಸು ಉಳಿಯಿತು, ಕರು ಉಳಿಯಲಿಲ್ಲ. ಅಂಥ ಎಷ್ಟೋ ಕರುಗಳನ್ನು ಕೈ ಹಾಕಿ, ಕಾಲು ಸರಿಮಾಡಿ ಈಚೆಗೆ ಎಳೆದು ಬದುಕಿಸಿದವಳು ಗಿರಿಜಕ್ಕ. ಆ ಕೈಗಳು ಅಂದು ಶಿವಮೊಗ್ಗದಲ್ಲಿ ಫ್ಲಾಸ್ಕು ಹಿಡಿದುಕೊಂಡು ಓಡಾಡುತ್ತಿದ್ದವು.

ಅವಳು ಮೊಬೈಲನ್ನು ಕೆಳಗಿಟ್ಟಳು. ಆಮೇಲೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಲೋಟಕ್ಕೆ ಗಂಜಿ ಬಗ್ಗಿಸಿ ಇವರ ಮುಂದೆ ಹಿಡಿದಳು.

"ನಿಂಗೇ ಅಂತ ತಂದಿದ್ದು. ಕುಡಿ."

ಇವರು ಕುಡಿದರು. ಗಂಜಿ ಕುಡಿಯುವುದಕ್ಕೆ ಅಷ್ಟು ಕಷ್ಟಪಟ್ಟವರನ್ನು ನಾನು ಕಂಡಿಲ್ಲ.

ಮಾರನೆಯ ದಿನ ಇವರೇ ಅಕ್ಕನನ್ನು ಊರಿಗೆ ಬಿಟ್ಟುಬಂದರು. ಹಸು ಕೊಟ್ಟಿಗೆಯ ಮೂಲೆಯನ್ನು ಮೂಸುತ್ತ ಕೂಗುತ್ತಿತ್ತಂತೆ. "ಒಂದ್ಮಾತು ಬೈದಿದ್ರೆ ಚೆನ್ನಾಗಿತ್ತು ಕಣೇ. ಹೊಟ್ಟೆ ತುಂಬ ಊಟಕ್ಕೆ ಹಾಕಿ ಕಳಿಸಿದ್ಲು" ಎಂದರು.

ಹೋದ ವಾಟ್ಸಾಪು ಕೆಲವು ದಿನಗಳಲ್ಲಿ ವಾಪಸು ಬಂತು. ಇವರು ಅದಕ್ಕೆ ಇನ್ನೊಂದು ಗುಟ್ಟಿನ ಅಂಕಿಯ ಬೀಗವನ್ನೂ ಹಾಕಿಸಿದರು. ನಾನು ಮಗಳ ಹೆಸರನ್ನು ಕೆಲಸದಿಂದ ಬಿಡಿಸಿ, ಒಂದೊಂದಕ್ಕೆ ಒಂದೊಂದು ಪಾಸ್‌ವರ್ಡ್ ಮಾಡಿಕೊಂಡೆ. ಈಗ ನಮ್ಮ ಅಂಗಡಿಗೆ ರವಿಕೆ ಬಟ್ಟೆಗೆ ಬಂದ ಹೆಂಗಸರಿಗೆ ಉಪದೇಶ ಪುಕ್ಕಟೆ. "ಕೋಡು ಯಾರಿಗೂ ಕೊಡಬ್ಯಾಡ್ರಿ ಅವ್ವಾ. ನಮ್ಮೋರು ಕೇಳಿದ್ರಂತೂ ಕೊಡ್ಲೇಬ್ಯಾಡ್ರಿ. ಮೊದ್ಲು ಫೋನ್ ಹಚ್ಚಿ ದನಿ ಕೇಳ್ರಿ." ಬಣ್ಣ ಹೊಂದಿತೋ ಇಲ್ಲವೋ ನೋಡಲು ಬಂದವರು ತಲೆಯಾಡಿಸಿ ಹೋಗುತ್ತಾರೆ.

ಸರಿಹೋಗದೆ ಉಳಿದದ್ದು ಗಿರಿಜಕ್ಕನ ನಂಬಿಕೆ. ದನಿಯನ್ನೂ ನಕಲು ಮಾಡುತ್ತಾರೆಂದು ಯಾರೋ ಅವಳ ಕಿವಿಗೆ ಹಾಕಿದ್ದಾರೆ. ಹಾಗಾಗಿ ಇವರು ಫೋನು ಮಾಡಿದರೆ ಮೊದಲು ಪರೀಕ್ಷೆ. ಸಣ್ಣವನಿದ್ದಾಗ ನಿನ್ನನ್ನು ಕಚ್ಚಿದ ನಾಯಿ ಯಾರದು? ಅವ್ವ ನಿನ್ನನ್ನು ಏನಂತ ಕರೆಯುತ್ತಿದ್ದಳು? ಇವರು ಪ್ರತಿ ಸಲವೂ ಸ್ಕೂಲು ಹುಡುಗನ ಹಾಗೆ ಉತ್ತರ ಹೇಳುತ್ತಾರೆ. ಪಾಸಾದ ಮೇಲೇ ಯೋಗಕ್ಷೇಮ. 'ನಾನು' ಎಂದರೆ ಸಾಕಾಗುತ್ತಿದ್ದ ಅಕ್ಕ ತಮ್ಮಂದಿರ ನಡುವೆ ಇಂಥದೊಂದು ಚೆಕ್‌ಪೋಸ್ಟು ಎದ್ದು ನಿಂತಿತಲ್ಲ ಎಂದು ನನಗೆ ಸಂಕಟವಾಗುತ್ತದೆ.

ಮೊನ್ನೆ ಫೋನು ಸ್ಪೀಕರಿನಲ್ಲಿತ್ತು. "ನಿಂಗೆ ಈಜು ಕಲಿಸಿದ್ದು ಯಾರು, ಹೇಳು" ಎಂದಳು.

"ಅಪ್ಪ" ಎಂದರು ಇವರು, ಎರಡನೇ ಯೋಚನೆಯಿಲ್ಲದೆ.

ಉತ್ತರ ತಪ್ಪಿತೇನೋ ಎಂದು ಇವರು ನನ್ನ ಮುಖ ನೋಡಿದರು. ಇನ್ನೇನು ಕಟ್ ಮಾಡುತ್ತಾಳೆ ಎಂದುಕೊಳ್ಳುವಷ್ಟರಲ್ಲಿ ಗಿರಿಜಕ್ಕ ನಕ್ಕಳು. ಆ ದಿನದಿಂದ ಈಚೆಗೆ ಅವಳ ನಗು ಕೇಳಿದ್ದು ಅದೇ ಮೊದಲು.

"ಅಪ್ಪನಿಗೆ ಎಲ್ಲಿ ಈಜು ಬರ್ತಿತ್ತೋ? ಸೀರೆ ಕಚ್ಚೆ ಹಾಕ್ಕೊಂಡು ಕೆರೆಗಿಳಿದು ಕಲಿಸಿದೋಳು ನಾನು. ಹೂಂ, ನೀನೇ ಬಿಡು. ಕಳ್ಳ ಆಗಿದ್ರೆ ಓದ್ಕೊಂಡು ಬಂದು ಸರಿಯಾಗಿ ಹೇಳ್ತಿದ್ದ."